ಯಾರೂ ನಿಂತಿರದ ಜಾಗ

ವಿಜಯಪುರ ನೋಡಲು ಬರುವ ನೆಂಟರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೈಯಲ್ಲಿನ ಚೀಲ ಇಳಿಸುವ ಮೊದಲೇ ಅವರ ಪ್ರಶ್ನೆ ಶುರುವಾಗುತ್ತದೆ: "ಗುಮ್ಮಟದ ಛಲೋ ಫೋಟೋ ಎಲ್ಲಿಂದ ಬರತೈತ್ರಿ?" ಗುಮ್ಮಟ ಹೇಗಿದೆ ಎಂದು ಕೇಳಿದವರನ್ನು ನಾನು ಇಷ್ಟು ವರ್ಷಗಳಲ್ಲಿ ಒಬ್ಬರನ್ನೂ ಕಂಡಿಲ್ಲ. ನನ್ನ ಗಂಡನಿಗಂತೂ ಈ ಪ್ರಶ್ನೆ ಕೇಳಿದರೆ ಹಬ್ಬ. "ನಮ್ಮಾಕಿಗಿ ಕೇಳ್ರಿ, ಆಕಿಗಿ ಎಲ್ಲಾ ಜಾಗಾ ಗೊತ್ತದಾವ" ಎಂದು ಹೇಳಿ ಪೇಪರ್ ಹಿಡಿದು ಕೂತುಬಿಡುತ್ತಾನೆ. ಬಿಸಿಲಲ್ಲಿ ನೆಂಟರ ನೀರಿನ ಬಾಟಲಿ ಹೊತ್ತುಕೊಂಡು ಅಲೆಯುವವಳು ನಾನು.

ಜಾಗಗಳು ನನಗೆ ಗೊತ್ತಿರುವುದು ನಿಜ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಕಡತ ನೋಡುವ ನೌಕರಿಯವಳು. ನಮ್ಮ ಮನೆ ಗೋಳಗುಮ್ಮಟದಿಂದ ಕೂಗಳತೆ ದೂರದಲ್ಲಿದೆ. ಮುಂಜಾನೆ ವಾಕಿಂಗ್ ಹೆಸರಿನಲ್ಲಿ ಮನೆ ಬಿಟ್ಟು, ಮೊದಲು ಒಂದು ಸಣ್ಣ ಕ್ಯಾಮೆರಾ ಹಿಡಿದು, ಆಮೇಲೆ ಮೊಬೈಲು ಹಿಡಿದು, ಈ ಊರಿನ ಕಲ್ಲುಗಳ ಮೇಲೆ ಬೆಳಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ್ದೇನೆ. ಗುಮ್ಮಟದ ಮುಂದಿನ ನಗಾರಖಾನೆಯ ಕಮಾನಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಆ ಕಮಾನೇ ಚೌಕಟ್ಟಾಗುತ್ತದೆ. ಇಬ್ರಾಹಿಂ ರೋಜಾಕ್ಕೆ ಮಳೆ ಬಂದು ನಿಂತ ಮರುದಿನ ಹೋಗಬೇಕು, ಹಾಸುಗಲ್ಲಿನ ತಗ್ಗಿನಲ್ಲಿ ನಿಂತ ನೀರಿನಲ್ಲಿ ಮಿನಾರು ತಲೆಕೆಳಗಾಗಿ ಬರುತ್ತದೆ. ಬಾರಾ ಕಮಾನಿಗೆ ಹೊತ್ತು ಇಳಿಯುವಾಗಲೇ ಸರಿ. ಉಪ್ಪಲಿ ಬುರುಜಿನ ಮೆಟ್ಟಿಲ ಮೇಲೆ ನಿಲ್ಲುವುದಾದರೆ ಕೆಳಗಿನಿಂದ ಏಳನೆಯದೋ ಎಂಟನೆಯದೋ ಮೆಟ್ಟಿಲು, ಅದಕ್ಕಿಂತ ಮೇಲೆ ಹೋದರೆ ಆಸಾಮಿಯ ಮುಖವೇ ಕಾಣುವುದಿಲ್ಲ.

ಇಷ್ಟೆಲ್ಲ ತಿಳಿದಿದ್ದನ್ನು ಜನ ಹೇಗೆ ಬಳಸುತ್ತಾರೆ ಎಂದರೆ, ಗುಮ್ಮಟದ ತುದಿಯನ್ನು ಎರಡು ಬೆರಳಲ್ಲಿ ಹಿಡಿದ ಹಾಗೆ ನಿಂತು ಹಲ್ಲು ಕಿಸಿಯುತ್ತಾರೆ. ಒಬ್ಬ ಮಹಾನುಭಾವ ಗುಮ್ಮಟವನ್ನು ತಲೆಯ ಮೇಲೆ ಟೊಪ್ಪಿಗೆಯಂತೆ ಇಟ್ಟುಕೊಳ್ಳಲು ನನ್ನನ್ನು ಹುಲ್ಲಿನ ಮೇಲೆ ಬೋರಲು ಮಲಗಿಸಿದ. ಅಂಥವರಿಗೆ ನಾನು ಬೇಕೆಂದೇ ತಪ್ಪು ಜಾಗ ಹೇಳಿದ್ದೂ ಇದೆ. ಎದುರು ಬಿಸಿಲಿಗೆ ನಿಲ್ಲಿಸಿ, ಮುಖ ಕಪ್ಪಾಗಿ ಬಂದ ಫೋಟೋ ನೋಡಿ "ಮೊಬೈಲ್ ಸರಿ ಇಲ್ಲ ಬಿಡ್ರಿ" ಎಂದು ಸಮಾಧಾನ ಹೇಳಿದ್ದೇನೆ. ಒಳ್ಳೆಯ ಹೆಂಗಸಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಅವಳು ಕಡಿಮೆಯೇ ಹೇಳಿದಳು.

ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ, ಬಬಲೇಶ್ವರದಲ್ಲಿ ಇರುತ್ತಾಳೆ. ಅವರದು ಬೀಜ ಗೊಬ್ಬರದ ಅಂಗಡಿ, ದೊಡ್ಡ ಮನೆ, ಮನೆಗಿಂತ ದೊಡ್ಡ ಬಾಯಿ. ನಾನು ಮದುವೆಯಾಗಿ ಆ ಮನೆ ಹೊಕ್ಕ ವರ್ಷ ಟಿಕೋಟಾದ ನನ್ನ ತವರಿನ ಹೊಲದಲ್ಲಿ ಜೋಳ, ಕಡಲೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ನೆಗೆಣ್ಣಿ ಅದನ್ನು ಆಗಲೇ ತಲೆಯಲ್ಲಿ ಬರೆದಿಟ್ಟುಕೊಂಡಳು. ಆಮೇಲೆ ನನ್ನ ಅಣ್ಣ ಅದೇ ಹೊಲಕ್ಕೆ ದ್ರಾಕ್ಷಿ ಹಚ್ಚಿದ, ಮನೆ ಕಟ್ಟಿದ, ಒಣದ್ರಾಕ್ಷಿ ಮಾಡುವ ಶೆಡ್ಡು ಹಾಕಿದ. ಆದರೂ ಆಕೆಯ ಲೆಕ್ಕದಲ್ಲಿ ನನ್ನ ತವರು ಜೋಳದ ಹೊಲವಾಗಿಯೇ ಉಳಿಯಿತು. ಹಬ್ಬದಲ್ಲಿ ನಾಲ್ಕು ಜನ ಸೇರಿದಾಗ "ಪಾಪ, ಆಕಿ ತವರಾಗ ರೊಟ್ಟಿ ಬಿಟ್ರ ಏನೈತಿ" ಎಂದು ನನ್ನ ಮುಂದೆಯೇ ಹೇಳುವಳು. ಇಪ್ಪತ್ತಕ್ಕಿಂತ ಹೆಚ್ಚು ವರ್ಷ ನಾನು ಅದನ್ನು ನುಂಗಿದ್ದೇನೆ. ನುಂಗಿದ್ದು ಕರಗಲಿಲ್ಲ.

ಆಕೆಯ ಮಗಳ ಮದುವೆ ಗೊತ್ತಾಯಿತು. ಮದುವೆಗೆ ಮೊದಲು ಹುಡುಗ ಹುಡುಗಿ ಕೈ ಕೈ ಹಿಡಿದು ನಡೆಯುವ ಫೋಟೋ ತೆಗೆಸಿಕೊಳ್ಳುವುದು ಈಗ ನಮ್ಮ ಕಡೆಯೂ ಅರಿಷಿಣದಷ್ಟೇ ಅಗತ್ಯವಾಗಿದೆ. ಆದರೆ ಹುಡುಗಿಯನ್ನು ಹುಡುಗನ ಜೊತೆ ಹಾಗೆಯೇ ಬಿಡುವಷ್ಟು ನಾವು ಮುಂದೆ ಹೋಗಿಲ್ಲ. ಹಾಗಾಗಿ ಫೆಬ್ರುವರಿಯ ಒಂದು ಭಾನುವಾರ ಹುಡುಗ, ಹುಡುಗಿ, ಫೋಟೋಗ್ರಾಫರ್ ಮತ್ತು ಅವರೆಲ್ಲರ ಮೇಲೆ ಕಣ್ಣಿಡಲು ನನ್ನ ನೆಗೆಣ್ಣಿ, ಹೀಗೆ ಒಂದು ಕಾರು ತುಂಬ ಜನ ಮುಂಜಾನೆ ನಮ್ಮ ಮನೆಯ ಮುಂದೆ ಬಂದು ಹಾರ್ನ್ ಹೊಡೆದರು. ನಾನು ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ನೆಗೆಣ್ಣಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಫೋಟೋ ಹುಡುಗೀದು ಐತಿ, ನಿಂದಲ್ಲ" ಎಂದಳು.

ಗುಮ್ಮಟದ ಒಳಗೆ ಫೋಟೋಗ್ರಾಫರ್ ಮೂರು ಕಾಲಿನ ಸ್ಟ್ಯಾಂಡು ಬಿಚ್ಚಿದ ಕೂಡಲೇ ಕಾವಲಿನವನು ಸೀಟಿ ಊದಿದ. ಪರವಾನಗಿ ಇಲ್ಲದೆ ಅದು ನಡೆಯುವುದಿಲ್ಲ ಎಂದು ನಾನು ಕಾರಿನಲ್ಲೇ ಹೇಳಿದ್ದೆ, ಯಾರೂ ಕಿವಿ ಕೊಟ್ಟಿರಲಿಲ್ಲ. ಸ್ಟ್ಯಾಂಡಿಲ್ಲದೆ ನಾಲ್ಕು ಫೋಟೋ ತೆಗೆದು ಬಾರಾ ಕಮಾನಿಗೆ ಹೋದರೆ ಅಲ್ಲಿ ಮೊದಲೇ ಮೂರು ಜೋಡಿಗಳು. ಒಂದೊಂದು ಕಮಾನಿನ ಕೆಳಗೆ ಒಂದೊಂದು ಹುಡುಗಿ ಉದ್ದನೆಯ ಬಾಲದ ಅದೇ ನಮೂನೆಯ ಗೌನು ಹಾಕಿಕೊಂಡು ನಿಂತಿದ್ದಳು. ನಮ್ಮ ಹುಡುಗಿಯದೂ ಅಂಥದ್ದೇ. ಬಣ್ಣದಲ್ಲಿ ಮಾತ್ರ ಫರಕು. ನನಗೆ ನಗು ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ನೆಗೆಣ್ಣಿ ಅದನ್ನು ನೋಡಿದಳು.

"ಇಲ್ಲಿ ಎಲ್ಲಾರೂ ತಗಸ್ಯಾರ್ರಿ ಮೇಡಮ್," ಎಂದ ಫೋಟೋಗ್ರಾಫರ್, ಕಪ್ಪು ಕನ್ನಡಕ ತಲೆಗೇರಿಸುತ್ತಾ. "ರೋಜಾದಾಗೂ ಇದ ಹಣೇಬರಾ. ಯಾರೂ ನಿಂತಿರದ ಜಾಗಾ ಬೇಕ್ರಿ."

"ಇಷ್ಟು ವರ್ಸಾತು ಬಿಜಾಪುರದಾಗ ಅದಿ," ಎಂದಳು ನೆಗೆಣ್ಣಿ ನನ್ನ ಕಡೆ ತಿರುಗಿ, ಆಗಲಿರುವ ಅಳಿಯನಿಗೆ ಕೇಳುವ ಹಾಗೆ. "ಒಂದು ಛಲೋ ಜಾಗಾ ತೋರಸಾಕ ಆಗೂದಿಲ್ಲ ಅಂದ್ರ ಏನ್ ಬೇ? ಆಕಿ ತವರಿನ್ಯಾಗೂ ಏನೂ ನೋಡಿಲ್ಲ ಬಿಡ್ರಿ ಪಾಪ, ಜ್ವಾಳದ ಹೊಲಾ ನೋಡಿ ಬೆಳದಾಕಿ."

ಹುಡುಗ ನಕ್ಕ. ಅವನದು ಸಭ್ಯ ನಗು, ತಪ್ಪೇನಿಲ್ಲ. ಆದರೆ ನನ್ನ ಕಿವಿ ಬಿಸಿಯಾಯಿತು. ನನ್ನಲ್ಲಿ ಇನ್ನೂ ಐದಾರು ಜಾಗಗಳಿದ್ದವು, ಯಾವ ಜೋಡಿಯೂ ಕಾಲಿಡದ ಜಾಗಗಳೇ. ಅವುಗಳಲ್ಲಿ ಒಂದಕ್ಕೆ ಕರೆದುಕೊಂಡು ಹೋಗಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಾಗೆ ಮಾಡಲಿಲ್ಲ. "ನಡೀರಿ ನನ್ನ ತವರಿಗಿ," ಎಂದೆ. "ಟಿಕೋಟಾದಾಗ ನಮ್ಮಣ್ಣನ ದ್ರಾಕ್ಷಿ ಪಡಾ ಐತಿ. ಅಲ್ಲಿ ಯಾರೂ ನಿಂತಿಲ್ಲ."

ಅಥಣಿ ರಸ್ತೆಯಲ್ಲಿ ಇಟ್ಟಂಗಿಹಾಳ ದಾಟುವಾಗ ವೈನಿಗೆ ಫೋನ್ ಮಾಡಿದೆ. ವೈನಿ ಅಂದರೆ ಅಣ್ಣನ ಹೆಂಡತಿ. ಬೀಗರು ಬರುತ್ತಿದ್ದಾರೆ ಎಂದಾಗ ಅವಳು ಕೈಯಲ್ಲಿನ ಪಾತ್ರೆಯನ್ನು ಠಣ್ ಎಂದು ಕೆಳಗಿಟ್ಟದ್ದು ನನಗೆ ಫೋನಿನಲ್ಲೇ ಕೇಳಿಸಿತು.

"ನಿಮ್ಮಣ್ಣಾರ ಮನ್ಯಾಗಿಲ್ಲ," ಎಂದಳು. "ವ್ಯಾಪಾರಿ ಕಡೆ ಹೋಗ್ಯಾರ. ಮಂಗಳಾರ ಮಾಲ ನೋಡಾಕ ಬರ್ತಾರ. ಮೊದಲನೇ ಸಲ ನಮ್ಮ ದ್ರಾಕ್ಷಿ ಹೊರದೇಶಕ್ಕ ಹೋಗೂದೈತಿ, ಗೊತ್ತೈತಿಲ್ಲೋ? ಇರ್ಲಿ, ಬರ್ರಿ ಬರ್ರಿ. ಊಟಾ ಮಾಡಿನ ಹೋಗಬೇಕ ಮತ್ತ."

ಗೊತ್ತಿತ್ತು. ಎರಡು ವಾರ ಹಿಂದೆ ಅಣ್ಣನೇ ಫೋನ್ ಮಾಡಿ ಹೇಳಿದ್ದ. ಹನ್ನೆರಡು ವರ್ಷ ದ್ರಾಕ್ಷಿ ಬೆಳೆದು ಬೆಳೆದು ಒಣಗಿಸಿ ಮಾರಿದವನು ಅವನು. ಹಣ್ಣನ್ನು ಹಣ್ಣಾಗಿಯೇ, ಅದೂ ಸಮುದ್ರದಾಚೆಗೆ ಕಳಿಸುವುದು ಅವನ ಹಳೇ ಹಟ. ಅದಕ್ಕಾಗಿ ಆ ವರ್ಷ ಪ್ರತಿ ಗೊಂಚಲಿನಿಂದ ಹೆಚ್ಚಿನ ಕಾಯಿ ಕತ್ತರಿಸಿ ತೆಗೆಸಿದ್ದ, ಔಷಧಿ ಹೊಡೆದ ದಿನಗಳನ್ನೆಲ್ಲ ಬರೆದಿಟ್ಟಿದ್ದ. ಫೋನಿನಲ್ಲಿ ಅವನ ದನಿ ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ದನಿಯಂತಿತ್ತು. "ಆದ್ರ ನೋಡು, ಎಲ್ಲಾ ಅವರು ಬಂದು ನೋಡಿ ಹೂಂ ಅಂದ ಮ್ಯಾಲೆ," ಎಂದು ಕೊನೆಗೆ ಸೇರಿಸಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಜೋಳದ ಹೊಲದ ಮಗಳು. ನೆಗೆಣ್ಣಿ ಹೇಳಿದ್ದರಲ್ಲಿ ಅಷ್ಟು ನಿಜ. ಸೀತನಿಗೆ ಎಳೆ ಜೋಳದ ತೆನೆ ಸುಡುವ ಹದ ನನಗೆ ಗೊತ್ತು, ಕಡಲೆ ಗಿಡದ ಹುಳಿ ಬಟ್ಟೆಗೆ ಹತ್ತಿಸಿಕೊಳ್ಳದೆ ಕೀಳುವುದು ಗೊತ್ತು. ದ್ರಾಕ್ಷಿ ನಮ್ಮ ಹೊಲಕ್ಕೆ ಬಂದದ್ದು ನಾನು ತವರು ಬಿಟ್ಟ ಮೇಲೆ. ಕಟಾವಿನ ದಿನಗಳಲ್ಲಿ ನಮ್ಮ ಕಚೇರಿಯಲ್ಲಿ ಹಣಕಾಸು ವರ್ಷದ ಕೊನೆಯ ಗಡಿಬಿಡಿ, ಒಮ್ಮೆಯೂ ಹೋಗಿರಲಿಲ್ಲ. ದ್ರಾಕ್ಷಿಯ ವಿಷಯದಲ್ಲಿ ತಿನ್ನುವುದೊಂದು ಬಿಟ್ಟು ನನಗೆ ಬೇರೇನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ವೈನಿ ಬೀಗರಿಗೆ ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು. ಮಗಳ ಗಂಡನ ಮನೆಯವರು ಬಂದಾಗ ಹೋಳಿಗೆ ಮಾಡದೆ ಕಳಿಸಿದರೆ ನಮ್ಮ ಕಡೆ ಅದನ್ನು ಮೂರು ಊರಿನವರು ಆಡಿಕೊಳ್ಳುತ್ತಾರೆ. ಅವಳು ಕಡಲೆಬೇಳೆ ಒಲೆಗೇರಿಸಿ ಅಡುಗೆಮನೆಯಲ್ಲೇ ಸಿಕ್ಕಿಬಿದ್ದಳು. "ನಾ ಬರಾಕ ಆಗೂದಿಲ್ಲ, ನೀವ ತೋರಿಸಿಕೊಂಡು ಬರ್ರಿ" ಎಂದಳು. ನಾನು ಮನೆಯ ಯಜಮಾನಿಯಂತೆ ಮುಂದೆ ನಡೆದೆ.

ಪಡ ಅಂದರೆ ದ್ರಾಕ್ಷಿ ತೋಟ; ಅದರ ಒಳಗೆ ಹೊಕ್ಕವರು ಎಲ್ಲರೂ ತಲೆ ಎತ್ತಿ ನೋಡಿದರು. ತಲೆಯ ಮೇಲೆ ಎಲೆಯ ಚಪ್ಪರ, ಅದರ ಕೆಳಗೆ ಎರಡೂ ಬದಿಗೆ ಎದೆಯ ಮಟ್ಟದಲ್ಲಿ ಗೊಂಚಲುಗಳು, ಸಾಲು ಹಿಡಿದು ನೋಡಿದರೆ ಕೊನೆಯೇ ಕಾಣುವುದಿಲ್ಲ. ಬಿಸಿಲು ಎಲೆಗಳ ಸಂದಿನಿಂದ ಇಳಿದು ನೆಲದ ಮೇಲೆ ಚೂರು ಚೂರಾಗಿ ಬಿದ್ದಿತ್ತು. ಇಂಥ ಬೆಳಕಿಗಾಗಿ ನಾನು ಮುಂಜಾನೆ ಮುಂಜಾನೆ ಎದ್ದು ಊರು ಸುತ್ತಿದವಳು, ಅದು ನನ್ನ ಅಣ್ಣನ ಹೊಲದಲ್ಲೇ ಇತ್ತು.

"ನಿಮ್ಮಣ್ಣ ಬಾಳ ಛಲೋ ಮಾಡ್ಯಾನಲ್ಲ ಬೇ," ಎಂದಳು ನೆಗೆಣ್ಣಿ.

ಇಷ್ಟು ವರ್ಷಗಳಲ್ಲಿ ಆಕೆಯ ಬಾಯಿಂದ ನನ್ನ ತವರಿನ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು ಅದು. ನನಗೆ ತಲೆ ತಿರುಗಿತು ಎಂದರೆ ತಪ್ಪಲ್ಲ. ಇನ್ನೊಂದು ಮಾತು ಬರಲಿ, ಇನ್ನೂ ಒಂದು ಬರಲಿ ಎಂದು ಮನಸ್ಸು ಬಾಯಿ ತೆರೆದು ನಿಂತಿತು. ಆ ಹೊತ್ತಿಗೆ ಫೋಟೋಗ್ರಾಫರ್ ಕ್ಯಾಮೆರಾದಲ್ಲಿ ನೋಡಿ ಮುಖ ಸಿಂಡರಿಸಿದ. "ಹಣ್ಣಿನ ಮ್ಯಾಲ ಧೂಳಾ ಕುಂತೈತ್ರಿ ಮೇಡಮ್. ಮಬ್ಬ ಬರಾಕತ್ತಾವು. ಸ್ವಲ್ಪ ಒರಸಿದ್ರ ಮಿಂಚತಾವು."

ಹೌದು, ಹಣ್ಣಿನ ಮೇಲೆ ತೆಳ್ಳಗೆ ಬೂದಿ ಬಳಿದಂತೆ ಏನೋ ಇತ್ತು. ಪಕ್ಕದ ಮಣ್ಣಿನ ದಾರಿಯ ಧೂಳು ಎಂದುಕೊಂಡೆ. ಹಸಿರು ಸೀರೆಯ ಸೆರಗು ತೆಗೆದು ಒಂದು ಗೊಂಚಲನ್ನು ಒರೆಸಿದೆ. ಒಳಗಿನಿಂದ ಗಾಜಿನ ಗೋಲಿಯಂಥ ಹಣ್ಣುಗಳು ಹೊರಬಂದವು. ಹುಡುಗಿ "ಅಯ್ಯ ಕಾಕೂ, ಎಷ್ಟ್ ಛಂದ ಕಾಣ್ತಾವು!" ಎಂದು ಕೂಗಿದಳು. ಮತ್ತೊಂದು ಒರೆಸಿದೆ. ಆಮೇಲೆ ಸಾಲಿನಲ್ಲಿ ಮುಂದೆ ಮುಂದೆ ಹೋದೆ. ಮದುಮಗಳು ಗೊಂಚಲನ್ನು ಕೆನ್ನೆಗೆ ಹಚ್ಚಿಕೊಂಡಳು, ಹುಡುಗ ಕೆಳಗಿನಿಂದ ಅದನ್ನು ಬಾಯಿಗೆ ಹಿಡಿದ, ಬಾಟಲಿಯ ನೀರು ಚಿಮುಕಿಸಿ ಹನಿ ನಿಲ್ಲಿಸಿದರು. ರಸ್ತೆಯ ಕಡೆಯ ಮೊದಲ ಸಾಲು ಪೂರ್ತಿ ಒರೆಸಿ ಮುಗಿಸುವ ಹೊತ್ತಿಗೆ ನನ್ನ ಸೆರಗು ಬೂದು ಬಣ್ಣಕ್ಕೆ ತಿರುಗಿತ್ತು.

ಎರಡು ಸಾಲು ಆಚೆ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಳು. ಕನಮಡಿ ಕಡೆಯವಳು, ಅಣ್ಣನ ಪಡದಲ್ಲಿ ಮೂರು ವರ್ಷದಿಂದ ದುಡಿಯುವವಳು. ನಾನು ಕೊನೆಯ ಗೊಂಚಲು ಒರೆಸುತ್ತಿರುವಾಗ ಅವಳು ಓಡುತ್ತಲೇ ಬಂದಳು.

"ಯವ್ವಾ, ಕಾಯಿ ಮುಟ್ಟಬ್ಯಾಡ್ರಿ! ಕಡ್ಡಿ ಹಿಡೀಬೇಕ್ರಿ, ಕಾಯಿ ಮುಟ್ಟಿದ್ರ ಅಣ್ಣಾರ..."

ಬೀಗರ ಮುಂದೆ, ನನ್ನ ತವರಿನಲ್ಲಿ, ಕೂಲಿ ಹೆಂಗಸು ನನಗೆ ಹೇಳುವುದೇ? ಬೆರಳು ತೋರಿಸಿ ಜೋರಾಗಿ ಕೂಗಿದೆ: "ಇದು ನಮ್ಮ ತ್ವಾಟಾ ಬೇ! ನೀ ನಿನ್ನ ಕೆಲಸಾ ನೋಡ್ಕೊಂಡು ಹೋಗು."

ಅವಳು ನನ್ನ ಮುಖ ನೋಡಿದಳು, ಒರೆಸಿದ ಗೊಂಚಲು ನೋಡಿದಳು, ಹೋದಳು. ನಾವು ಹೋಳಿಗೆ ಉಂಡು, ವೈನಿಯಿಂದ ಕುಬುಸದ ಕಣ ತಗೊಂಡು, ಹೊತ್ತು ಇಳಿಯುವ ಮೊದಲು ಊರು ಸೇರಿದೆವು. ಕಾರಿನಲ್ಲಿ ನೆಗೆಣ್ಣಿ ದಾರಿಯುದ್ದಕ್ಕೂ ನನ್ನ ತವರನ್ನು ಹೊಗಳಿದಳು. ಅಷ್ಟು ಸುಖದ ಪ್ರಯಾಣ ನಾನು ಆಕೆಯ ಜೊತೆ ಮತ್ತೆಂದೂ ಮಾಡಿಲ್ಲ.

ಮಂಗಳವಾರ ಸಂಜೆ ಕಚೇರಿಯಿಂದ ಬರುವಾಗ ಅಣ್ಣನ ಫೋನ್ ಬಂತು. ಧ್ವನಿ ಕೇಳಿ ಯಾರೋ ತೀರಿಕೊಂಡರು ಎಂದುಕೊಂಡೆ. ವ್ಯಾಪಾರಿಯ ಕಡೆಯವರು ಬಂದಿದ್ದರು. ರಸ್ತೆಯ ಕಡೆಯಿಂದ ಒಳಗೆ ಬಂದವರು ಮೊದಲ ಸಾಲಿನಲ್ಲೇ ನಿಂತರು. ಹಣ್ಣಿನ ಮೇಲಿನ ಬೂದಿಯೇ ಹೋಗಿದೆ, ಇವು ಹಡಗಿನಲ್ಲಿ ಅಷ್ಟು ದಿನ ತಡೆಯುವುದಿಲ್ಲ ಎಂದರು. ಅಣ್ಣ ಒಳಗಿನ ಸಾಲುಗಳನ್ನು ನೋಡಿ ಎಂದು ಕೈ ಹಿಡಿದು ಕೇಳಿಕೊಂಡನಂತೆ. ಮುಂದಿನ ಸಾಲು ಹೀಗೆ ಕೈಯಾಡಿಸಿ, ನೀರು ಹೊಡೆದು ಇಟ್ಟವರು ಒಳಗೆ ಏನೇನು ಹೊಡೆದಿದ್ದೀರೋ, ಹೇಗೆ ನಂಬುವುದು ಎಂದು ಕೇಳಿ ಹೊರಟುಹೋದರು.

ಆ ಬೂದಿ ಧೂಳಲ್ಲ. ಹಣ್ಣು ತಾನೇ ಮೈಮೇಲೆ ಹೊದ್ದುಕೊಳ್ಳುವ ಹೊದಿಕೆ. ಅದು ಇದ್ದರೆ ಕೈ ತಾಗಿಲ್ಲ, ತಾಜಾ ಇದೆ ಎಂದು ಅರ್ಥ. ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ. ಅದನ್ನು ಉಳಿಸಿಕೊಳ್ಳಲೆಂದೇ ಅಣ್ಣನ ಪಡದಲ್ಲಿ ಎಲ್ಲರೂ ಗೊಂಚಲಿನ ಕಡ್ಡಿಯನ್ನಷ್ಟೇ ಹಿಡಿದು ಕೆಲಸ ಮಾಡುತ್ತಿದ್ದರು. ಇದನ್ನೆಲ್ಲ ಅಣ್ಣ ಫೋನಿನಲ್ಲಿ ನನಗೆ ಬಿಡಿಸಿ ಹೇಳಿದ, ತಂಗಿಗೆ ತನ್ನ ಕಷ್ಟ ತಿಳಿಯಲಿ ಎಂದು. ನಾನು ರಸ್ತೆಯ ಬದಿಯಲ್ಲಿ ನಿಂತು ಕೇಳಿಸಿಕೊಂಡೆ.

ಆಮೇಲೆ ಅವನು ಕೇಳಿದ: "ಭಾನುವಾರ ನೀವು ಬಂದಿದ್ರೆಲ್ಲಾ. ನಿಮ್ಮ ಪೈಕಿ ಯಾರರೆ ಮುಟ್ಟಿದ್ರೇನು?"

"ಛೇ, ಇಲ್ಲಣ್ಣಾ," ಎಂದೆ. "ಕಡ್ಡಿನೂ ಮುಟ್ಟಿಲ್ಲ."

ಅಷ್ಟು ಬೇಗ ಬಾಯಿಗೆ ಬಂತು. ಯೋಚಿಸಿ ಸುಳ್ಳು ಹೇಳಿದ್ದರೆ ನನಗೆ ನನ್ನ ಮೇಲೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ಅಣ್ಣ "ಹಂಗಾದ್ರ ಕೆಲಸದವರದ ಆತು" ಎಂದು ಫೋನ್ ಇಟ್ಟ. ಮರುದಿನ ವೈನಿ ಹೇಳಿದಳು, ರಸ್ತೆಯ ಕಡೆಯ ಸಾಲುಗಳನ್ನು ನೋಡಿಕೊಳ್ಳುತ್ತಿದ್ದ ಕನಮಡಿಯ ಹೆಂಗಸನ್ನು ಕೆಲಸದಿಂದ ಬಿಡಿಸಿದ್ದಾನೆ ಎಂದು. ಆ ಹೆಂಗಸು ಏನಾದರೂ ಹೇಳಿದಳೇ ಎಂದು ನಾನು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ನನಗಿಂತ ಬೇರೆ ಯಾರು? ಏನೂ ಹೇಳಲಿಲ್ಲವಂತೆ. "ನಾ ಮುಟ್ಟಿಲ್ರಿ" ಎಂದಷ್ಟೇ ಹೇಳಿ ಬುತ್ತಿಯ ಡಬ್ಬಿ ಎತ್ತಿಕೊಂಡು ಹೋದಳಂತೆ. ಮನೆಯ ಮಗಳ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಅಂದುಕೊಂಡದ್ದು ಸರಿಯಾಗಿಯೇ ಇತ್ತು.

ನಾನು ಬಾಯಿ ಬಿಡಬಹುದಿತ್ತು. ಹನ್ನೊಂದು ದಿನ ಇತ್ತು ನನಗೆ. ಪ್ರತಿದಿನ ಫೋನ್ ಕೈಗೆತ್ತಿಕೊಳ್ಳುತ್ತಿದ್ದೆ, ಪ್ರತಿದಿನ ಸಿಟ್ಟು ಮಾಡಿಕೊಂಡು ಇಡುತ್ತಿದ್ದೆ. ಸಿಟ್ಟು ಯಾರ ಮೇಲೆ ಎಂದರೆ ಎಲ್ಲರ ಮೇಲೆ. ಒರೆಸಿ ಎಂದ ಫೋಟೋಗ್ರಾಫರನ ಮೇಲೆ, ಹೊಗಳಿದ ನೆಗೆಣ್ಣಿಯ ಮೇಲೆ, ಹೋಳಿಗೆ ಮಾಡುತ್ತಾ ಕೂತ ವೈನಿಯ ಮೇಲೆ, ಸುಮ್ಮನೆ ಹೋದ ಆ ಹೆಂಗಸಿನ ಮೇಲೂ. ಎರಡು ಸಲ ಜೋರಾಗಿ ಕೂಗಿ ಹೇಳಿದ್ದರೆ ಅವಳ ಗಂಟು ಏನು ಹೋಗುತ್ತಿತ್ತು ಎಂದು ಯೋಚಿಸಿದ್ದೇನೆ. ಇಷ್ಟು ಕೆಟ್ಟದಾಗಿ ನಾನು ಯೋಚಿಸಬಲ್ಲೆ.

ಹನ್ನೆರಡನೆಯ ದಿನ ನೆಗೆಣ್ಣಿ ಫೋಟೋಗಳನ್ನು ತನ್ನ ಸ್ಟೇಟಸ್ಸಿಗೆ ಹಾಕಿದಳು. ಗುಮ್ಮಟವೂ ಇಲ್ಲ, ಕಮಾನೂ ಇಲ್ಲ, ಎಲ್ಲವೂ ಟಿಕೋಟಾ. ನಿಜವಾಗಿಯೂ ಚೆನ್ನಾಗಿದ್ದವು, ಸುಳ್ಳು ಏಕೆ ಹೇಳಲಿ. ಆರನೆಯ ಫೋಟೋದಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದರು. ಅವರಿಬ್ಬರ ನಡುವಿನ ಸಂದಿನಲ್ಲಿ, ಹಿಂದೆ, ಎಲೆಗಳ ಬೆಳಕಿನಲ್ಲಿ ಹಸಿರು ಸೀರೆಯ ದಪ್ಪ ಹೆಂಗಸೊಬ್ಬಳು ಒಂದು ಕೈಯಲ್ಲಿ ಸೆರಗು ಹಿಡಿದು ಗೊಂಚಲು ತಿಕ್ಕುತ್ತಾ, ಇನ್ನೊಂದು ಕೈಯ ಬೆರಳು ಚಾಚಿ, ಬಾಯಿ ಅಗಲಿಸಿ ಯಾರಿಗೋ ಬೈಯುತ್ತಿದ್ದಳು. ಬೆರಳು ತೋರಿಸಿದ ಕಡೆ, ಚೌಕಟ್ಟಿನ ಅಂಚಿಗೆ, ಕನಮಡಿಯ ಹೆಂಗಸಿನ ಅರ್ಧ ಮುಖವಿತ್ತು. ಇಷ್ಟು ವರ್ಷ ಬೇರೆಯವರಿಗೆ ಎಲ್ಲಿ ನಿಂತರೆ ಚೆನ್ನಾಗಿ ಬರುತ್ತೀರಿ ಎಂದು ಹೇಳಿಕೊಟ್ಟವಳು ನಾನು ಅಲ್ಲಿ ನಿಂತಿದ್ದೆ.

ನೆಗೆಣ್ಣಿಗೆ ಫೋನ್ ಮಾಡಿ ಅದನ್ನು ತೆಗೆಯಲು ಹೇಳಿದೆ. "ಯಾಕ ಬೇ, ನೀ ದಪ್ಪ ಕಾಣ್ತಿ ಅಂತೇನು?" ಎಂದು ನಕ್ಕಳು. ತೆಗೆದಳು, ಆದರೆ ಅಷ್ಟರಲ್ಲಿ ವೈನಿ ನೋಡಿಯಾಗಿತ್ತು. ಸ್ವಲ್ಪ ಹೊತ್ತಿಗೆ ಅಣ್ಣನಿಂದ ನನ್ನ ಮೊಬೈಲಿಗೆ ಅದೇ ಫೋಟೋ ಬಂತು. ಹುಡುಗ ಹುಡುಗಿಯನ್ನು ಕತ್ತರಿಸಿ ನನ್ನನ್ನೂ ಆ ಹೆಂಗಸನ್ನೂ ಮಾತ್ರ ಉಳಿಸಿದ್ದ. ಕೆಳಗೆ ಒಂದು ಅಕ್ಷರವೂ ಇರಲಿಲ್ಲ. ಅವನು ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನಗೆ ಬೈದಾಡುವುದು ಬರುತ್ತದೆ. ಆ ಅವಕಾಶವನ್ನೂ ಅವನು ಕೊಡಲಿಲ್ಲ. ಆ ವರ್ಷದ ಅವನ ಬೆಳೆ ಎಂದಿನಂತೆ ಶೆಡ್ಡಿಗೆ ಹೋಗಿ ಒಣಗಿತು. ಕನಮಡಿಯ ಹೆಂಗಸಿನ ಮನೆಗೆ ಅಣ್ಣ ತಾನೇ ಹೋಗಿ ಕರೆದುಕೊಂಡು ಬಂದ ಎಂದು ವೈನಿಯಿಂದ ತಿಳಿಯಿತು. ನನ್ನನ್ನು ಕರೆಯಲು ಯಾರೂ ಬರಲಿಲ್ಲ.

ಬಬಲೇಶ್ವರದ ಮದುವೆಯಲ್ಲಿ ಅಣ್ಣ ಸಿಕ್ಕ. ಎಲ್ಲರ ಜೊತೆ ಕೂತು ನಕ್ಕು ಮಾತಾಡಿದ. ನನ್ನ ಹತ್ತಿರ ಬಂದಾಗ "ಊಟಾ ಆತೇನು?" ಎಂದ. "ಆತು" ಎಂದೆ. ಅಷ್ಟೇ. ನಾಗಪಂಚಮಿಗೆ ತವರಿನಿಂದ ಉಂಡಿ ಬಂದವು, ಆದರೆ ಕರೆಯಲು ಬರುವ ಅಣ್ಣ ಬರಲಿಲ್ಲ. ನಾನು ಉಂಡಿಗಳನ್ನು ನೆರೆಮನೆಯವರಿಗೆ ಹಂಚಿಬಿಟ್ಟೆ, ಒಂದನ್ನೂ ಬಾಯಿಗೆ ಹಾಕಲಿಲ್ಲ. ಒಂದು ಸಾಲು ಹಣ್ಣಿಗೆ ಇಷ್ಟು ಸಿಟ್ಟೇ ಎಂದು ನನಗೂ ಸಿಟ್ಟು. ಒಡಹುಟ್ಟಿದವಳಿಗಿಂತ ದ್ರಾಕ್ಷಿಯ ಮೇಲಿನ ಬೂದಿ ಹೆಚ್ಚೇ ಎಂದು ಗಂಡನ ಮುಂದೆ ಎಷ್ಟು ಸಲ ಕೂಗಾಡಿದೆನೋ. "ಬೂದಿ ಅಲ್ಲ ಬೇ, ನೀ ಹೇಳಿದ್ದ ಸುಳ್ಳು," ಎಂದ ಅವನು ಒಂದು ದಿನ, ಪೇಪರಿನಿಂದ ತಲೆ ಎತ್ತದೆ. ಎರಡು ದಿನ ಅವನ ಜೊತೆಯೂ ಮಾತು ಬಿಟ್ಟೆ.

ಮುಂದಿನ ಫೆಬ್ರುವರಿ ಬಂತು. ಕಚೇರಿಗೆ ರಜೆ ಹಾಕಿ, ಯಾರಿಗೂ ಹೇಳದೆ, ಟಿಕೋಟಾದ ಬಸ್ಸು ಹತ್ತಿದೆ. ಮೊಬೈಲನ್ನು ಮನೆಯಲ್ಲೇ ಬಿಟ್ಟಿದ್ದೆ, ಬೇಕೆಂದೇ. ಹೇಳಬೇಕಾದ ಮಾತನ್ನು ಇಟ್ಟಂಗಿಹಾಳದಿಂದ ಮನಸ್ಸಿನಲ್ಲೇ ಜೋಡಿಸುತ್ತಾ ಬಂದೆ. ಮೊದಲು ಆ ಹೆಂಗಸಿಗೆ, ಆಮೇಲೆ ಅಣ್ಣನಿಗೆ. ಪಡದ ಸುತ್ತ ಹೊಸದಾಗಿ ತಂತಿ ಬೇಲಿ ಬಂದಿತ್ತು. ರಸ್ತೆಯ ಕಡೆ ಕಬ್ಬಿಣದ ಗೇಟು, ಅದರ ಒಳಗೆ ತಲೆಗೆ ಟವೆಲ್ ಸುತ್ತಿಕೊಂಡು ಕನಮಡಿಯ ಹೆಂಗಸು ನಿಂತಿದ್ದಳು. ಅವಳನ್ನು ಕಂಡ ಕೂಡಲೇ ಜೋಡಿಸಿಕೊಂಡು ಬಂದ ಮಾತು ಎಲ್ಲಿಗೋ ಹೋಯಿತು.

"ಗೇಟ್ ತಗಿ," ಎಂದೆ.

"ಅಲ್ಲೇ ನಿಂದರ್ರಿ ಅಕ್ಕಾರ. ಅಣ್ಣಾರಿಗಿ ಫೋನ್ ಮಾಡ್ತೇನಿ."

"ಯಾಕ? ನಾ ಯಾರು ಅಂತ ಗೊತ್ತಿಲ್ಲೇನು ನಿನಗ?"

"ಗೊತ್ತೈತ್ರಿ," ಎಂದಳು ಅವಳು, ದನಿ ಏರಿಸದೆ. "ಅದಕ್ಕ ಫೋನ್ ಮಾಡಾಕತ್ತೇನಿ."

ನಾನು ಗೇಟಿನ ಹೊರಗೆ ನಿಂತೆ. ನಾನು ಆಡಿ ಬೆಳೆದ ಹೊಲ ಅದು. ಅವಳು ಫೋನಿನಲ್ಲಿ ಮಾತಾಡಿ, ಮುಗಿಸಿ, ನನ್ನ ಕಡೆ ನೋಡದೆ ಬಳ್ಳಿಗಳ ಕಡೆ ತಿರುಗಿ ನಿಂತಳು. ತಪ್ಪಾಯಿತು ಎಂದು ಹೇಳಲು ಆಗ ಬೇಕಾದಷ್ಟು ಹೊತ್ತಿತ್ತು. ನನ್ನ ಬಾಯಿಯಿಂದ ಆ ಮಾತು ಹೊರಡಲಿಲ್ಲ, ಇಂದಿಗೂ ಹೊರಟಿಲ್ಲ. ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡೆ.

ಅಣ್ಣ ಶೆಡ್ಡಿನ ಕಡೆಯಿಂದ ನಡೆದು ಬಂದ. ಒಂದು ವರ್ಷದಲ್ಲಿ ಅವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ತಾನೇ ಗೇಟು ತೆಗೆದ. "ಬಾ," ಎಂದ. "ನಿಮ್ಮ ವೈನಿ ಮನ್ಯಾಗ ಅದಾಳ. ಚಾ ಕುಡಿ ನಡಿ."

ಮನೆಗೆ ಹೋಗುವ ದಾರಿ ಮೊದಲ ಸಾಲಿನ ಪಕ್ಕದಲ್ಲೇ ಹೋಗುತ್ತದೆ. ಗೊಂಚಲುಗಳು ಆ ವರ್ಷವೂ ಎದೆಯ ಮಟ್ಟಕ್ಕೆ ತೂಗುತ್ತಿದ್ದವು, ಮೈತುಂಬ ಬಿಳಿ ಬೂದಿ ಹೊದ್ದುಕೊಂಡು. ನಾನು ಬಳ್ಳಿಗಳ ಬದಿಯಲ್ಲಿದ್ದೆ. ನಾಲ್ಕು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಅಣ್ಣ ಏನೂ ಹೇಳದೆ ಹಿಂದಿನಿಂದ ಸುತ್ತಿ ಬಂದು ನನಗೂ ಬಳ್ಳಿಗೂ ನಡುವೆ ಹೊಕ್ಕ. ದಾರಿ ಇಬ್ಬರಿಗೆ ಇಕ್ಕಟ್ಟು. ಅವನ ಭುಜ ನನ್ನನ್ನು ಆಚೆ ಬದಿಗೆ ದೂಡುತ್ತಲೇ ಇತ್ತು. ಸಣ್ಣವರಿದ್ದಾಗ ಬಾವಿಯ ದಂಡೆಯ ಮೇಲೆ ಹೋಗುವಾಗ ಹೀಗೆಯೇ ನನ್ನನ್ನು ನೀರಿನ ಬದಿಯಿಂದ ದೂರ ಇಟ್ಟು ನಡೆಯುತ್ತಿದ್ದ. ಆಗ ಕಾಯುತ್ತಿದ್ದುದು ನನ್ನನ್ನು.

ನನಗೆ ಸಿಟ್ಟು ಬಂತು, ದುಃಖವೂ ಬಂತು. ಎರಡರಲ್ಲಿ ಯಾವುದು ಮುಂದೆ ಬಂತೋ ತಿಳಿಯಲಿಲ್ಲ.

"ಅಣ್ಣಾ, ನಾ ಮುಟ್ಟೂದಿಲ್ಲ," ಎಂದೆ.

ಅವನು ನಿಲ್ಲಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ. "ಹ್ವಾದ ವರ್ಸಾನೂ ಮುಟ್ಟಿಲ್ಲ ಅಂದಿದ್ದಿ," ಎಂದ.

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನ ಪಕ್ಕದಲ್ಲಿ ಮನೆಯವರೆಗೂ ನಡೆದೆ.